ಕರಿಗಾಜಿನ ತವರು

2011ರ ಜೂನ್ 4ರಂದು ದಕ್ಷಿಣ ಚಿಲಿಯ ಕೋರ್ದೋನ್ ಕೌಯೆ ಜ್ವಾಲಾಮುಖಿ ಸಿಡಿಯಿತು. ಅದರ ಬೂದಿ ಭೂಮಿಯ ದಕ್ಷಿಣಾರ್ಧವನ್ನೇ ಸುತ್ತಿತು. ಆಸ್ಟ್ರೇಲಿಯಾದಲ್ಲೂ ವಿಮಾನಗಳು ಹಾರಾಟ ನಿಲ್ಲಿಸಬೇಕಾಯಿತು. ಎಲ್ಲೆಡೆ ಬೂದಿಯದ್ದೇ ಸುದ್ದಿಯಾಗಿದ್ದಾಗ ಜ್ವಾಲಾಮುಖಿ ಶಾಸ್ತ್ರಜ್ಞರ ಕಣ್ಣು ಬೂದಿಕಂಬದ ಬುಡದ ಮೇಲಿತ್ತು. ಬೂದಿ ಉಗುಳುತ್ತಿದ್ದ ಅದೇ ಬಾಯಿಂದ, ಅದೇ ಹೊತ್ತಿಗೆ, ದಪ್ಪನೆಯ ಲಾವಾ ಕೂಡ ಹೊರಬರುತ್ತಿತ್ತು. ಹವಾಯಿ ದ್ವೀಪದ ಚಿತ್ರಗಳಲ್ಲಿ ಕಾಣುವ, ಕೆಂಪಗೆ ಓಡುವ ಲಾವಾದ ಜಾತಿಗೆ ಅದು ಸೇರಿದ್ದಲ್ಲ. ಸುಮಾರು 30 ಮೀಟರ್ ಎತ್ತರದ ಕಪ್ಪು ಗೋಡೆಯೊಂದು ದಿನಕ್ಕೆ ಕೆಲವೇ ಮೀಟರಿನಂತೆ ಇಳಿಜಾರಿನಲ್ಲಿ ತೆವಳುತ್ತಿತ್ತು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಹ್ಯೂ ಟಫೆನ್ ಮತ್ತು ಸಂಗಡಿಗರು 2012ರ ಜನವರಿಯಲ್ಲಿ ಆ ಗೋಡೆಯೆದುರು ನಿಂತು ಅದರ ನಡಿಗೆಯನ್ನು ಅಳೆದರು. ವರ್ಷ ಬಿಟ್ಟು ಮತ್ತೆ ಹೋದಾಗ ಜ್ವಾಲಾಮುಖಿಯಿಂದ ಲಾವಾ ಬರುವುದು ನಿಂತು ತಿಂಗಳುಗಳೇ ಆಗಿದ್ದವು. ಗೋಡೆ ಮಾತ್ರ ಇನ್ನೂ ಮುಂದೆ ಸರಿಯುತ್ತಲೇ ಇತ್ತು.

ಆ ಗೋಡೆ ಅಬ್ಸಿಡಿಯನ್ನಿನದು, ಜ್ವಾಲಾಮುಖಿಯ ಗಾಜಿನದು. ಮನುಷ್ಯ ಕುಲ ಈ ಗಾಜನ್ನು ಒಡೆದು ಆಯುಧ ಮಾಡಲು ಕಲಿತು ಹನ್ನೆರಡು ಲಕ್ಷ ವರ್ಷವಾಗಿದೆ. ಆದರೆ ಅದು ಹುಟ್ಟುವ ಬಗೆಯನ್ನು ಆಧುನಿಕ ಉಪಕರಣಗಳನ್ನು ಹೂಡಿ ವಿವರವಾಗಿ ನೋಡುವ ಅವಕಾಶ ವಿಜ್ಞಾನಿಗಳಿಗೆ ಒದಗಿದ್ದು ತೀರ ಈಚೆಗೆ: ಮೊದಲು 2008ರ ಮೇ ತಿಂಗಳಲ್ಲಿ ಸಿಡಿದ ಚಿಲಿಯದ್ದೇ ಚೈತೆನ್ ಜ್ವಾಲಾಮುಖಿಯಲ್ಲಿ, ಮೂರು ವರ್ಷದ ಬಳಿಕ ಕೋರ್ದೋನ್ ಕೌಯೆಯಲ್ಲಿ. ಚೈತೆನ್ ಸಾವಿರಾರು ವರ್ಷಗಳಿಂದ ಮಲಗಿದೆ ಎಂದೇ ಆಗ ಎಲ್ಲರೂ ನಂಬಿದ್ದರು. ಅದು ಎದ್ದಾಗ ಪಕ್ಕದ ಅದೇ ಹೆಸರಿನ ಪಟ್ಟಣವನ್ನು ತೆರವು ಮಾಡಿಸಬೇಕಾಯಿತು. ಬೂದಿ ಬೆರೆತ ಕೆಸರಿನ ಪ್ರವಾಹ ಮನೆಗಳಿಗೆ ನುಗ್ಗಿತು.

ಅಬ್ಸಿಡಿಯನ್ ಚೆಲುವಾದ ಕಲ್ಲು ಎಂಬುದರಲ್ಲಿ ಎರಡು ಮಾತಿಲ್ಲ. ನನ್ನನ್ನು ಹಿಡಿದಿಟ್ಟದ್ದು ಅದರ ಇನ್ನೊಂದು ಗುಣ. ಎಷ್ಟು ದೂರ ಹೊತ್ತೊಯ್ದರೂ, ಎಷ್ಟು ಸಣ್ಣ ಚೂರಾಗಿ ಒಡೆದರೂ, ಮಣ್ಣಿನಡಿ ಎಷ್ಟೋ ಸಾವಿರ ವರ್ಷ ಹೂತಿಟ್ಟರೂ ಈ ಗಾಜು ತನ್ನ ತವರನ್ನು ಮರೆಮಾಚಲಾರದು. ಬರವಣಿಗೆಯೇ ಇಲ್ಲದ ಕಾಲದ ಮನುಷ್ಯರು ಎಲ್ಲಿಂದ ಎಲ್ಲಿಗೆ ನಡೆದರು, ಯಾರ ಜೊತೆ ಕೊಡುಕೊಳ್ಳುವಿಕೆ ಇಟ್ಟುಕೊಂಡಿದ್ದರು ಎಂಬ ಪ್ರಶ್ನೆಗೆ ಇದರಷ್ಟು ನೇರವಾಗಿ ಸಾಕ್ಷಿ ನುಡಿಯುವ ವಸ್ತು ಬೇರೆ ವಿರಳ.

ಗಾಜಾಗುವ ಬಗೆ

ಸಕ್ಕರೆ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ. ಗಟ್ಟಿ ಪಾಕವನ್ನು ತಟ್ಟೆಗೆ ಸುರಿದು ಬೇಗ ಆರಿಸಿದರೆ ಹರಳಿಲ್ಲದ, ನುಣುಪಾದ ಮಿಠಾಯಿಯಾಗುತ್ತದೆ. ಕರಗಿದ ಶಿಲೆಯೂ ಹಾಗೆಯೇ. ಪರಮಾಣುಗಳಿಗೆ ಸಾಲಾಗಿ ಜೋಡಣೆಗೊಳ್ಳಲು ಬಿಡುವು ಸಿಕ್ಕರೆ ಹರಳು, ಸಿಗದಿದ್ದರೆ ಗಾಜು. ಆದರೆ ಅಬ್ಸಿಡಿಯನ್ನಿನ ವಿಷಯದಲ್ಲಿ 'ಬೇಗ ಆರಿದ್ದರಿಂದ ಗಾಜಾಯಿತು' ಎಂಬ ಶಾಲಾಪುಸ್ತಕದ ವಿವರಣೆ ಅರ್ಧ ಸತ್ಯ. ಮುಖ್ಯವಾದದ್ದು ಪಾಕದ ದಪ್ಪ. ನಮ್ಮ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಶಿಲೆಯಲ್ಲಿ ಸಿಲಿಕಾ ಅಂಶ ಶೇ 50ರ ಆಸುಪಾಸು. ಅಬ್ಸಿಡಿಯನ್ನಿಗೆ ಮೂಲವಾದ ರಯೋಲೈಟ್ ಶಿಲಾಪಾಕದಲ್ಲಿ ಅದು ಸಾಮಾನ್ಯವಾಗಿ ಶೇ 70ಕ್ಕೂ ಹೆಚ್ಚು. ಸಿಲಿಕಾ ಹೆಚ್ಚಿದಂತೆ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ದ್ರವವನ್ನು ಬಿಗಿಯುತ್ತವೆ. ಬಸಾಲ್ಟ್ ಲಾವಾದ ಉಷ್ಣತೆ 1,100ರಿಂದ 1,200 ಡಿಗ್ರಿ ಸೆಲ್ಸಿಯಸ್. ರಯೋಲೈಟ್ ಹೊರಬರುವುದೇ 700ರಿಂದ 900 ಡಿಗ್ರಿಯಲ್ಲಿ. ಶಾಖ ಕಡಿಮೆ, ಬಿಗಿ ಹೆಚ್ಚು. ಹಾಗಾಗಿ ಅದರೊಳಗೆ ಪರಮಾಣುಗಳು ಸರಿದಾಡಲಾರದೆ ಇದ್ದಲ್ಲೇ ಹೆಪ್ಪುಗಟ್ಟುತ್ತವೆ. ಮೀಟರುಗಟ್ಟಲೆ ದಪ್ಪದ ಪದರ ಕೂಡ ಗಾಜಾಗಿಯೇ ಉಳಿಯುವುದು ಈ ಕಾರಣಕ್ಕೆ.

ಮಕ್ಕಳು ಆಡುವ ಮೈನ್‌ಕ್ರಾಫ್ಟ್ ಆಟದಲ್ಲಿ ಲಾವಾದ ಮೇಲೆ ನೀರು ಹರಿದರೆ ಅಬ್ಸಿಡಿಯನ್ ಸಿದ್ಧ. ನಿಜ ಲೋಕದಲ್ಲಿ ಬಸಾಲ್ಟ್ ಲಾವಾ ಸಮುದ್ರಕ್ಕೆ ಬಿದ್ದರೆ ಬರುವ ಗಾಜಿನ ರಾಸಾಯನಿಕ ರಚನೆಯೇ ಬೇರೆ. ಅದು ನೀರು ಹೀರಿ ಬೇಗ ಬದಲಾಗುತ್ತದೆ. ಮಕ್ಕಳಿಗೆ ಇದನ್ನು ವಿವರಿಸಲು ಆಟವನ್ನೇ ನೆಪ ಮಾಡಿಕೊಳ್ಳಬಹುದು.

ಇನ್ನೂ ದೊಡ್ಡ ಒಗಟೊಂದಿದೆ. ನೆಲದಾಳದ ರಯೋಲೈಟ್ ಪಾಕದಲ್ಲಿ ತೂಕದ ಶೇ 4ರಿಂದ 6ರಷ್ಟು ನೀರು ಕರಗಿರುತ್ತದೆ. ಮೇಲೇರುತ್ತ ಒತ್ತಡ ಇಳಿದಾಗ ಆ ನೀರು ಆವಿಯಾಗಿ, ಪಾಕ ನೊರೆಯೆದ್ದು ಸಿಡಿಯಬೇಕು. ಸಿಡಿಯುತ್ತದೆ ಕೂಡ, ಹಾಗೆ ನೊರೆಯಾಗಿಯೇ ಗಟ್ಟಿಯಾದದ್ದು ನೀರಿನಲ್ಲಿ ತೇಲುವ ಪ್ಯೂಮಿಸ್ ಕಲ್ಲು. ಅಬ್ಸಿಡಿಯನ್ನಿನಲ್ಲಾದರೋ ನೀರಿನ ಅಂಶ ಶೇ 1ಕ್ಕಿಂತ ಕಡಿಮೆ, ಗುಳ್ಳೆಗಳೂ ಇಲ್ಲವೆನ್ನುವಷ್ಟು ವಿರಳ. ಅಷ್ಟೆಲ್ಲ ಆವಿ ಹೋದದ್ದೆಲ್ಲಿಗೆ? ಒಂದೇ ಬಾಯಿಂದ ಬೂದಿಯೂ ಲಾವಾವೂ ಒಟ್ಟಿಗೆ ಹೊರಟದ್ದನ್ನು ಚಿಲಿಯಲ್ಲಿ ಕಂಡ ಬಳಿಕ ಹೊಸ ವಿವರಣೆಯೊಂದು ಬಲಗೊಂಡಿದೆ. ಸ್ಫೋಟ ಪಾಕವನ್ನು ಬೂದಿಯಾಗಿ ಚೂರುಚೂರು ಮಾಡುತ್ತದೆ, ಆವಿ ತಪ್ಪಿಸಿಕೊಳ್ಳುತ್ತದೆ, ಇನ್ನೂ ಬಿಸಿಯಾಗಿರುವ ಬೂದಿಯ ಕಣಗಳು ಜ್ವಾಲಾಮುಖಿಯ ಗಂಟಲಿನ ಗೋಡೆಗೆ ಅಂಟಿ, ಒಂದಕ್ಕೊಂದು ಬೆಸೆದುಕೊಂಡು ಮತ್ತೆ ಅಖಂಡ ಗಾಜಾಗುತ್ತವೆ ಎಂಬುದು ಆ ವಿವರಣೆ. ಫೇಬಿಯನ್ ವಾಡ್ಸ್‌ವರ್ತ್ ಮತ್ತು ಸಂಗಡಿಗರು 2020ರಲ್ಲಿ ಇದನ್ನು ಪ್ರಬಂಧವಾಗಿ ಮಂಡಿಸಿದರು. ಕೈಯಲ್ಲಿ ಹಿಡಿದ ನುಣುಪಾದ ಕರಿಗಾಜು ಒಮ್ಮೆ ಪೂರಾ ಪುಡಿಯಾಗಿ, ಮತ್ತೆ ಒಂದಾದದ್ದು ಎಂಬ ಈ ವಿಚಾರ ನನಗೆ ತುಂಬ ಹಿಡಿಸಿದೆ. ಎಲ್ಲ ಅಬ್ಸಿಡಿಯನ್ ಹೀಗೇ ಹುಟ್ಟಿತೇ ಎಂಬ ಚರ್ಚೆ ಮುಗಿದಿಲ್ಲ.

ಕಪ್ಪಿನೊಳಗಿನ ಬಣ್ಣಗಳು

ಅಬ್ಸಿಡಿಯನ್ನಿನ ಕಪ್ಪು ಮೋಸದ ಕಪ್ಪು. ಒಂದು ತೆಳು ಚಕ್ಕೆಯನ್ನು ಬೆಳಕಿಗೆ ಹಿಡಿದರೆ ಅಂಚು ಹೊಗೆಬಣ್ಣಕ್ಕೆ, ಕೆಲವೊಮ್ಮೆ ಹಸಿರುಗೂಡಿದ ಬೂದುಬಣ್ಣಕ್ಕೆ ತಿರುಗಿ ಪಾರದರ್ಶಕವಾಗುತ್ತದೆ. ಗಾಜಿನೊಳಗೆ ಚದುರಿರುವ, ಬರಿಗಣ್ಣಿಗೆ ಕಾಣದ ಮ್ಯಾಗ್ನೆಟೈಟ್ ಕಣಗಳು ಬೆಳಕನ್ನು ನುಂಗುವುದರಿಂದ ದಪ್ಪ ತುಂಡು ಕಪ್ಪಾಗಿ ಕಾಣುತ್ತದೆ. ಕಬ್ಬಿಣದ ಅಂಶ ಉತ್ಕರ್ಷಣಗೊಂಡು ಹೆಮಟೈಟ್ ಆದರೆ ಕಂದು ಗೆರೆ, ಕೆಂಗಂದು ಮಚ್ಚೆಗಳು ಮೂಡುತ್ತವೆ; ವ್ಯಾಪಾರಿಗಳು ಅದನ್ನು ಮಹಾಗನಿ ಎನ್ನುತ್ತಾರೆ. ಲಾವಾ ಹರಿಯುವಾಗ ಸಣ್ಣ ಅನಿಲ ಗುಳ್ಳೆಗಳು ಒಂದೇ ದಿಕ್ಕಿಗೆ ಎಳೆದು ಚಪ್ಪಟೆಯಾಗಿದ್ದರೆ, ಕಲ್ಲನ್ನು ಒಂದು ಕೋನಕ್ಕೆ ತಿರುಗಿಸಿದಾಗ ಬಂಗಾರದ ಇಲ್ಲವೇ ಬೆಳ್ಳಿಯ ಮಿಂಚು ಏಳುತ್ತದೆ.

ಇವೆಲ್ಲಕ್ಕಿಂತ ಬೆರಗಿನದು ಕಾಮನಬಿಲ್ಲಿನ ಅಬ್ಸಿಡಿಯನ್. ಮೆಕ್ಸಿಕೋದ ಹಾಲಿಸ್ಕೋ ಪ್ರಾಂತ್ಯದಲ್ಲಿ ಸಿಗುವ ಈ ಕಲ್ಲು ಒಡೆದಾಗ ಬರೀ ಕಪ್ಪು. ಸರಿಯಾದ ಕೋನದಲ್ಲಿ ಕೊಯ್ದು ಮೆರುಗು ಕೊಟ್ಟರೆ ನೇರಳೆ, ಹಸಿರು, ಹೊಂಬಣ್ಣದ ಪಟ್ಟಿಗಳು ಒಳಗಿನಿಂದ ಎದ್ದು ಬರುತ್ತವೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಖನಿಜಶಾಸ್ತ್ರಜ್ಞ ಜಾರ್ಜ್ ರಾಸ್‌ಮನ್ ಮತ್ತು ಸಂಗಡಿಗರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ, ಗಾಜಿನೊಳಗೆ ಪದರಪದರವಾಗಿ ಕೂತ ಪೈರಾಕ್ಸಿನ್ ಖನಿಜದ ನ್ಯಾನೋ ಕಡ್ಡಿಗಳು ಕಂಡವು. ಅಮೆರಿಕದ ಆರೆಗನ್ ರಾಜ್ಯದ ಗ್ಲಾಸ್ ಬ್ಯೂಟ್ಸ್ ಎಂಬಲ್ಲಿ ಸಿಗುವ 'ಬೆಂಕಿ ಅಬ್ಸಿಡಿಯನ್ನಿ'ನಲ್ಲಿ ಈ ಕೆಲಸ ಮಾಡುವುದು ಮ್ಯಾಗ್ನೆಟೈಟಿನ ಅತಿ ತೆಳು ಪದರಗಳು. ಪದರದ ದಪ್ಪ ಬೆಳಕಿನ ತರಂಗಾಂತರದ ಅಳತೆಯಲ್ಲಿರುವುದರಿಂದ ಕೆಲವು ಬಣ್ಣಗಳು ಬಲಗೊಂಡು ಕೆಲವು ಅಳಿಯುತ್ತವೆ. ಅಂದರೆ ಅಲ್ಲಿ ಬಣ್ಣದ ವಸ್ತುವೇ ಇಲ್ಲ. ಇರುವುದು ಬಣ್ಣ ಹುಟ್ಟಿಸುವ ರಚನೆ.

ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹೂ ಅರಳಿದಂತೆ ಕಾಣುವ 'ಹಿಮದಳ' ಬಗೆಯ ಕತೆ ಬೇರೆ. ಆ ಬಿಳಿ ಮಚ್ಚೆಗಳು ಕ್ರಿಸ್ಟೋಬಲೈಟ್ ಎಂಬ ಸಿಲಿಕಾ ಹರಳಿನವು. ಗಾಜು ಹರಳಾಗಲು ಹೊರಟ ಗುರುತು ಅದು. ಗಾಜು ಸ್ಥಿರವಾದ ಸ್ಥಿತಿಯಲ್ಲ. ಭೂಮಿಯ ಕಾಲಮಾನದಲ್ಲಿ ನೋಡಿದರೆ ಅದು ಮೆಲ್ಲಗೆ ಹರಳಾಗುತ್ತ, ನೀರು ಹೀರುತ್ತ ಅಬ್ಸಿಡಿಯನ್ ಎಂಬ ಗುರುತನ್ನೇ ಕಳೆದುಕೊಳ್ಳುತ್ತದೆ. ಜಗತ್ತಿನ ಅಬ್ಸಿಡಿಯನ್ನಿನ ಬಹುಪಾಲು ಭೂವಿಜ್ಞಾನದ ಲೆಕ್ಕದಲ್ಲಿ ಎಳೆಯದು. ಡೈನೊಸಾರುಗಳ ಕಾಲದ್ದು ಉಳಿದಿರುವುದು ಅಪರೂಪದಲ್ಲಿ ಅಪರೂಪ. ನೀರು ಹೀರಿದ ಗಾಜಿನಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಸುತ್ತುಸುತ್ತಾದ ಬಿರುಕುಗಳೆದ್ದು ಪರ್ಲೈಟ್ ಎಂಬ ಶಿಲೆಯಾಗುತ್ತದೆ. ಅದನ್ನು 900 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಒಳಗಿನ ನೀರು ಆವಿಯಾಗಿ ಅರಳು ಹುರಿದಂತೆ ಉಬ್ಬುತ್ತದೆ. ಬೆಂಗಳೂರಿನ ತಾರಸಿ ತೋಟಗಳ ಕುಂಡಗಳಲ್ಲಿ ಮಣ್ಣಿಗೆ ಬೆರೆಸುವ ಆ ಹಗುರ ಬಿಳಿ ಕಾಳುಗಳು ಇವೇ. ಪರ್ಲೈಟಿನ ನಡುವೆ ನೀರು ತಲುಪದೆ ಉಳಿದುಹೋದ ದುಂಡನೆಯ ಕರಿಗಾಜಿನ ಗುಂಡುಗಳಿಗೆ ಅಮೆರಿಕದ ಅರಿಜೋನಾದಲ್ಲಿ 'ಅಪಾಚೆ ಕಣ್ಣೀರು' ಎಂದು ಹೆಸರು. ಸೈನಿಕರ ಕೈಗೆ ಸಿಕ್ಕಿಬೀಳದಿರಲು ಬಂಡೆಯಿಂದ ಹಾರಿ ಪ್ರಾಣ ಬಿಟ್ಟ ಅಪಾಚೆ ಯೋಧರಿಗಾಗಿ ಅವರ ಹೆಂಗಸರು ಸುರಿಸಿದ ಕಣ್ಣೀರು ಕಲ್ಲಾಯಿತೆಂಬ ಐತಿಹ್ಯ ಅಲ್ಲಿದೆ.

ಕೊಳ್ಳುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈಗ ಆನ್‌ಲೈನ್ ಅಂಗಡಿಗಳಲ್ಲಿ ಅಬ್ಸಿಡಿಯನ್ ಬಳೆ, ಮಣಿಸರ ದಂಡಿಯಾಗಿ ಬಿಕರಿಯಾಗುತ್ತಿವೆ. ಕಡುನೀಲಿ, ಗಾಢ ಕೆಂಪು, ತಿಳಿಹಸಿರಾಗಿ ಪೂರ್ತಿ ಪಾರದರ್ಶಕವಾಗಿ ಹೊಳೆಯುವ 'ಅಬ್ಸಿಡಿಯನ್' ಬಹುತೇಕ ಕಾರ್ಖಾನೆಯ ಗಾಜು. ಕಪ್ಪು ಮಣಿಯನ್ನು ಬಲವಾದ ಟಾರ್ಚಿಗೆ ಹಿಡಿದು ಒಳಗೆ ದುಂಡನೆಯ ಗುಳ್ಳೆ ತೇಲುವುದು ಕಂಡರೆ ಅನುಮಾನಿಸಿ. ದೃಷ್ಟಿ ತೆಗೆಯುತ್ತದೆ, ಕೆಟ್ಟ ಶಕ್ತಿ ಹೀರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಚೆಂದವೆನಿಸಿದರೆ ಧರಿಸಿ, ಆ ಮಾತಿಗೆಂದು ಹೆಚ್ಚಿನ ದುಡ್ಡು ತೆರಬೇಡಿ.

ಅಲಗು

ಹರಳಿರುವ ಕಲ್ಲು ಹರಳಿನ ಸೀಳುಗೆರೆ ಹಿಡಿದು ಒಡೆಯುತ್ತದೆ. ಗಾಜಿಗೆ ಅಂಥ ಗೆರೆಗಳಿಲ್ಲ. ಏಟು ಬಿದ್ದ ಬಿಂದುವಿನಿಂದ ಆಘಾತ ಅಲೆಯಾಗಿ ಹರಡಿ, ಕಪ್ಪೆಚಿಪ್ಪಿನ ಒಳಮೈಯಂಥ ಬಾಗು ಬಿಟ್ಟು ಸೀಳುತ್ತದೆ. ಎರಡು ಸೀಳುಗಳು ಸಂಧಿಸುವ ಅಂಚನ್ನು ತಡೆಯಲು ಹರಳಿನ ಕಣವೇ ಇಲ್ಲದ್ದರಿಂದ ಅದು ಸುಮಾರು 3 ನ್ಯಾನೋಮೀಟರಿನವರೆಗೂ ತೆಳುವಾಗಬಲ್ಲದು. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಉಕ್ಕಿನ ಶಸ್ತ್ರಚಿಕಿತ್ಸೆಯ ಅಲಗನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗರಗಸದಂತೆ ಕಾಣುವ ವರ್ಧನೆಯಲ್ಲೂ ಅಬ್ಸಿಡಿಯನ್ ಅಂಚು ನೇರ ಗೆರೆಯಾಗಿಯೇ ಇರುತ್ತದೆ.

ಅಮೆರಿಕದ ಐಡಹೊ ರಾಜ್ಯದ ಡಾನ್ ಕ್ರಾಬ್‌ಟ್ರೀ ಪ್ರಾಚೀನರ ಕಲ್ಲೊಡೆಯುವ ಕಸುಬನ್ನು ತಾನೇ ಪ್ರಯೋಗ ಮಾಡಿ ಮರುಕಂಡುಕೊಂಡ ವ್ಯಕ್ತಿ. 1970ರ ದಶಕದಲ್ಲಿ ಅವರಿಗೆ ಎದೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ತಾನು ಕಡೆದ ಅಬ್ಸಿಡಿಯನ್ ಅಲಗುಗಳನ್ನೇ ಬಳಸುವಂತೆ ಶಸ್ತ್ರವೈದ್ಯರನ್ನು ಅವರು ಒಪ್ಪಿಸಿದರು. ಕೊಲರಾಡೊ ವಿಶ್ವವಿದ್ಯಾಲಯದ ಪುರಾತತ್ವಜ್ಞ ಪೇಸನ್ ಶೀಟ್ಸ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಇಂಥ ಅಲಗುಗಳನ್ನು ಒದಗಿಸಿದರು. ಇಲಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಬ್ಸಿಡಿಯನ್ ಗಾಯದ ಕಲೆ ಮೊದಲ ವಾರಗಳಲ್ಲಿ ಕಿರಿದಾಗಿತ್ತು. 42 ದಿನ ಕಳೆದಾಗ ಉಕ್ಕಿನ ಗಾಯಕ್ಕೂ ಇದಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಹೀಗಿದ್ದೂ ಆಸ್ಪತ್ರೆಗಳಲ್ಲಿ ಇದು ಬಳಕೆಗೆ ಬಾರದ್ದಕ್ಕೆ ತಕ್ಕ ಕಾರಣವಿದೆ. ಅಲಗಿನ ಮೇಲೆ ಪಕ್ಕದಿಂದ ಸ್ವಲ್ಪ ಒತ್ತಡ ಬಿದ್ದರೂ ಅಂಚು ಮುರಿಯುತ್ತದೆ. ಗಾಯದೊಳಗೆ ಸೇರಿದ ಗಾಜಿನ ಚೂರನ್ನು ಹುಡುಕುವುದು ಲೋಹದ ಚೂರನ್ನು ಹುಡುಕಿದಷ್ಟು ಸುಲಭವಲ್ಲ. ಮೋಸ್ ಮಾನದಂಡದಲ್ಲಿ ಇದರ ಗಡಸುತನ 5ರಿಂದ 5.5 ಮಾತ್ರ, ಕ್ವಾರ್ಟ್ಜ್ 7ರದ್ದು. ಚೂಪು ಬೇರೆ, ಬಾಳಿಕೆ ಬೇರೆ.

ಈ ಚೂಪಿನ ಬೆಲೆಯನ್ನು ಮನುಷ್ಯ ಕುಲ ಎಷ್ಟು ಹಿಂದೆಯೇ ಅರಿತಿತ್ತು ಎಂಬುದಕ್ಕೆ ಇಥಿಯೋಪಿಯಾದ ಮೆಲ್ಕಾ ಕುಂಟೂರೆ ಸಾಕ್ಷಿ. ಅಲ್ಲಿನ ಸಿಂಬಿರೋ ಎಂಬ ತಾಣದಲ್ಲಿ 12 ಲಕ್ಷ ವರ್ಷ ಹಿಂದೆ ನಮ್ಮ ಪೂರ್ವಜ ಜಾತಿಯವರು ಹೊಳೆ ಕೊಚ್ಚಿ ತಂದ ಅಬ್ಸಿಡಿಯನ್ ಗುಂಡುಗಳನ್ನು ಆಯ್ದು, ಒಂದೇ ಮಾದರಿಯ ನೂರಾರು ಕೈಗೊಡಲಿಗಳನ್ನು ಮಾಡಿಟ್ಟಿದ್ದರು. 2023ರಲ್ಲಿ ಪ್ರಕಟವಾದ ಈ ಶೋಧವನ್ನು ಓದುವಾಗ ನನಗೆ ನೆನಪಾದದ್ದು ಸುರಪುರ ಸೀಮೆಯ ಇಸಾಂಪುರ. ಹುಣಸಗಿ ಕಣಿವೆಯ ಆ ತಾಣದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಉತ್ಖನನ ಮಾಡಿದ ಕಲ್ಲುಗಣಿಯ ಕಾಲವೂ ಸುಮಾರು 12 ಲಕ್ಷ ವರ್ಷ ಎಂದೇ ಅಂದಾಜಾಗಿದೆ. ಅಲ್ಲಿನವರ ಕೈಗೆ ಸಿಕ್ಕಿದ್ದು ಗಾಜಲ್ಲ, ಸುಣ್ಣಕಲ್ಲು. ಅದರಲ್ಲೇ ಅವರು ಅಂಥದೇ ಕೈಗೊಡಲಿ ಕಡೆದರು.

ಬೇರೆಯವರಿಂದ ಬಂದ ಕಲ್ಲು

ಈಗ ತವರಿನ ವಿಷಯಕ್ಕೆ ಬರುತ್ತೇನೆ. ಒಂದು ಜ್ವಾಲಾಮುಖಿಯ ಒಂದು ಸ್ಫೋಟದ ಪಾಕ ಸಾಮಾನ್ಯವಾಗಿ ಚೆನ್ನಾಗಿ ಕಲಸಿಹೋಗಿರುತ್ತದೆ. ಅದರಿಂದ ಹುಟ್ಟಿದ ಗಾಜಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಬೇರಿಯಂ, ಜಿರ್ಕೋನಿಯಂ, ರುಬೀಡಿಯಂ, ಸ್ಟ್ರಾನ್ಶಿಯಂ ಮುಂತಾದವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತವೆ. ಪಕ್ಕದ ಜ್ವಾಲಾಮುಖಿಯಲ್ಲಿ ಆ ಪ್ರಮಾಣವೇ ಬೇರೆ. ಬೆಣಚುಕಲ್ಲಿನಲ್ಲಿ, ಚರ್ಟ್‌ನಲ್ಲಿ ಇಷ್ಟು ಸ್ಪಷ್ಟ ಗುರುತು ಸಿಗುವುದಿಲ್ಲ. ಮೇಲಾಗಿ ಅಬ್ಸಿಡಿಯನ್ ಸಿಗುವ ತಾಣಗಳು ಲೋಕದಲ್ಲಿ ಎಣಿಕೆಗೆ ಸಿಗುವಷ್ಟು. ಪಶ್ಚಿಮ ಮೆಡಿಟರೇನಿಯನ್ನಿನಲ್ಲಿ ಹೆಸರಿಸಬೇಕಾದವು ನಾಲ್ಕೇ: ಲಿಪರಿ, ಪಾಲ್ಮರೋಲಾ, ಪಂತೆಲ್ಲೇರಿಯಾ ದ್ವೀಪಗಳು ಮತ್ತು ಸಾರ್ಡಿನಿಯಾದ ಮೋಂತೆ ಆರ್ಚಿ.

1964ರಲ್ಲಿ ಭೂವಿಜ್ಞಾನಿ ಜೋ ಕ್ಯಾನ್ ಮತ್ತು ಪುರಾತತ್ವಜ್ಞ ಕಾಲಿನ್ ರೆನ್‌ಫ್ರೂ ಇದನ್ನೇ ಹಿಡಿದು ಕೆಲಸಕ್ಕಿಳಿದರು. ಉತ್ಖನನದಲ್ಲಿ ಸಿಕ್ಕ ಚೂರುಗಳ ಧಾತು ಪ್ರಮಾಣವನ್ನು ರೋಹಿತದರ್ಶಕದಿಂದ ಅಳೆದು, ಮೂಲ ಜ್ವಾಲಾಮುಖಿಗಳ ಪ್ರಮಾಣದ ಜೊತೆ ಹೋಲಿಸಿದರು. ಅಲ್ಲಿಯವರೆಗೆ ಶೈಲಿ ನೋಡಿ, ಬಣ್ಣ ನೋಡಿ ಊಹಿಸುತ್ತಿದ್ದ ವ್ಯಾಪಾರದ ದಾರಿಗಳು ನಕ್ಷೆಯ ಮೇಲೆ ಗೆರೆಗಳಾದವು. ಟರ್ಕಿಯ ಚತಾಲ್‌ಹೂಯುಕ್‌ನ ಜನ 8,000 ವರ್ಷಗಳ ಹಿಂದೆ ಉಜ್ಜಿ ಹೊಳಪಿಸಿದ ಕನ್ನಡಿಗಳ ಕಲ್ಲು ಕಪ್ಪಡೋಕಿಯಾದ ಜ್ವಾಲಾಮುಖಿಗಳದ್ದು. ಮೂಲದಿಂದ 300 ಕಿ.ಮೀ. ಆಸುಪಾಸಿನೊಳಗಿನ ಹಳ್ಳಿಗಳಲ್ಲಿ ಕಲ್ಲಿನ ಉಪಕರಣಗಳ ಬಹುಪಾಲು ಅಬ್ಸಿಡಿಯನ್ನಿನದೇ; ಅದರಾಚೆ ದೂರ ಹೆಚ್ಚಿದಂತೆ ಪ್ರಮಾಣ ಸರಸರನೆ ಇಳಿಯುತ್ತದೆ. ಒಬ್ಬನೇ ವ್ಯಾಪಾರಿ ಹೊತ್ತೊಯ್ದದ್ದಲ್ಲ, ಹಳ್ಳಿಯಿಂದ ಹಳ್ಳಿಗೆ ಕೈ ಬದಲಾಗುತ್ತ ಹೋದದ್ದು ಎಂದು ರೆನ್‌ಫ್ರೂ ಈ ಇಳಿಕೆಯಿಂದ ತರ್ಕಿಸಿದರು. ಪ್ರತಿ ಊರೂ ತನಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಮುಂದಕ್ಕೆ ಕೊಟ್ಟಿತು.

ಕಡಲಿನ ಕತೆ ಇನ್ನೂ ರೋಚಕ. ಗ್ರೀಸಿನ ಮುಖ್ಯಭೂಮಿಯ ಫ್ರಾಂಕ್ತಿ ಗುಹೆಯಲ್ಲಿ ಸುಮಾರು 13,000 ವರ್ಷ ಹಿಂದಿನ ಪದರಗಳಲ್ಲಿ ಮೀಲೋಸ್ ದ್ವೀಪದ ಅಬ್ಸಿಡಿಯನ್ ಸಿಕ್ಕಿದೆ. ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದಿದ್ದಾಗಲೂ ಮೀಲೋಸ್ ದ್ವೀಪವೇ ಆಗಿತ್ತು. ಬೇಸಾಯ ಗೊತ್ತಿಲ್ಲದ, ಮಡಕೆ ಗೊತ್ತಿಲ್ಲದ ಜನರಿಗೆ ದೋಣಿ ಗೊತ್ತಿತ್ತೆಂದಾಯಿತು. ಆ ದೋಣಿಯ ಒಂದು ಚೂರೂ ನಮಗೆ ಸಿಕ್ಕಿಲ್ಲ; ಅದು ಹೊತ್ತು ತಂದ ಗಾಜು ಸಿಕ್ಕಿದೆ. ಜಪಾನಿನಲ್ಲಿ ಕೋಜುಶಿಮಾ ದ್ವೀಪದ ಗಾಜು ಸುಮಾರು 38,000 ವರ್ಷ ಹಿಂದೆಯೇ ಕಡಲು ದಾಟಿ ಹೊನ್ಶುವಿಗೆ ಬಂದಿತ್ತು. ಸುಮಾರು 3,000 ವರ್ಷ ಹಿಂದೆ ಶಾಂತಸಾಗರದ ಲಪಿಟ ಜನರ ಕಾಲದಲ್ಲಿ ನ್ಯೂ ಬ್ರಿಟನ್ ದ್ವೀಪದ ತಲಸೇಯಾ ಗಾಜು ಪಶ್ಚಿಮಕ್ಕೆ ಬೋರ್ನಿಯೋ, ಪೂರ್ವಕ್ಕೆ ಫಿಜಿಯವರೆಗೆ ತಲುಪಿತ್ತು. ಕಲ್ಲಿನ ಯುಗದಲ್ಲಿ ಒಂದೇ ವಸ್ತು ಇಷ್ಟು ದೂರ ಸಾಗಿದ ಉದಾಹರಣೆಗಳು ಬಹಳಿಲ್ಲ.

ನೆಲದ ಮೇಲೆ ಇದಕ್ಕೆ ಸಾಟಿಯಾದದ್ದು ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಅಬ್ಸಿಡಿಯನ್ ಕ್ಲಿಫ್. ಸುಮಾರು 1,80,000 ವರ್ಷ ಹಿಂದಿನ ಲಾವಾ ಹರಿವಿನ ಈ ಕಡಿದಾದ ಗಾಜಿನ ಬಂಡೆಯನ್ನು ಅಲ್ಲಿನ ಮೂಲನಿವಾಸಿಗಳು 11,000 ವರ್ಷಕ್ಕೂ ಹಿಂದಿನಿಂದ ಬಳಸುತ್ತ ಬಂದವರು. ಓಹಾಯೋದಲ್ಲಿ ಸುಮಾರು 2,000 ವರ್ಷ ಹಿಂದಿನ ಹೋಪ್‌ವೆಲ್ ಜನರ ಸಮಾಧಿ ದಿಬ್ಬವೊಂದರಲ್ಲಿ 130 ಕಿಲೋಗೂ ಹೆಚ್ಚು ಅಬ್ಸಿಡಿಯನ್ ಸಿಕ್ಕಿತ್ತು. ಹತ್ತಿರದಲ್ಲೆಲ್ಲೂ ಇಲ್ಲದ ಕಲ್ಲು ಅಲ್ಲಿಗೆ ಬಂದದ್ದೆಲ್ಲಿಂದ ಎಂಬುದು ದಶಕಗಳ ಕಾಲ ಪ್ರಶ್ನೆಯಾಗಿಯೇ ಉಳಿಯಿತು. 1969ರಲ್ಲಿ ಜೇಮ್ಸ್ ಗ್ರಿಫಿನ್ ಮತ್ತು ಸಂಗಡಿಗರು ನ್ಯೂಟ್ರಾನ್ ವಿಶ್ಲೇಷಣೆ ನಡೆಸಿ ಉತ್ತರ ಕೊಟ್ಟರು: 2,000 ಕಿ.ಮೀ.ಗೂ ಆಚೆಯ ಯೆಲ್ಲೋಸ್ಟೋನಿನಿಂದ. ಆ ಜನರಿಗೆ ಕುದುರೆ ಇರಲಿಲ್ಲ, ಗಾಲಿ ಇರಲಿಲ್ಲ. ಕಾಲ್ನಡಿಗೆ, ಹೊಳೆಯ ದೋಣಿ, ಮನುಷ್ಯರ ಹೆಗಲು, ಇಷ್ಟೇ ಅವರ ಸಾಧನ. 1996ರಲ್ಲಿ ಈ ಬಂಡೆ ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು.

ಹಸಿರು ಗಾಜಿನ ಬೆಟ್ಟ

ಅಬ್ಸಿಡಿಯನ್ನನ್ನು ಬದುಕಿನ ನಡುವಿಗೇ ತಂದುಕೊಂಡ ನಾಗರಿಕತೆಯೆಂದರೆ ಮಧ್ಯ ಅಮೆರಿಕದ್ದು. ಮೆಕ್ಸಿಕೋದ ಪಚೂಕಾ ಊರಿನ ಬಳಿ 'ಕ್ಷೌರದ ಕತ್ತಿಗಳ ಬೆಟ್ಟ' ಎಂಬ ಅರ್ಥದ ಹೆಸರಿರುವ ಬೆಟ್ಟಸಾಲಿದೆ. ಅಲ್ಲಿನ ಗಾಜು ಬೆಳಕಿಗೆ ಹಿಡಿದರೆ ಹೊಂಗಿರಣ ಬೆರೆತ ಹಸಿರು. ಟಿಯೋಟಿವಾಕಾನ್ ಮಹಾನಗರ ಈ ಹಸಿರು ಗಾಜನ್ನು ಬಳಸಿತು, ಹಂಚಿತು. ದೂರದ ಮಾಯಾ ನಗರಗಳಾದ ತಿಕಾಲ್, ಕೊಪಾನ್‌ಗಳಲ್ಲೂ ಅದು ಸಿಕ್ಕಿದೆ. ಕುಶಲಿಗಳು ಗಾಜಿನ ದಿಂಡನ್ನು ಕಾಲಲ್ಲಿ ಒತ್ತಿಹಿಡಿದು, ಮರದ ಊರುಗೋಲಿನಿಂದ ಅಂಚಿಗೆ ಒತ್ತಡ ಕೊಟ್ಟು, ಒಂದೊಂದೇ ಉದ್ದನೆಯ ಅಲಗನ್ನು ಎಬ್ಬಿಸುತ್ತಿದ್ದರೆಂದು ಸ್ಪೇನಿನ ಪಾದ್ರಿಗಳು ಬರೆದಿಟ್ಟಿದ್ದಾರೆ. ಆ ಅಲಗುಗಳಿಂದ ಅಡುಗೆ ನಡೆಯಿತು, ಕ್ಷೌರ ನಡೆಯಿತು, ಬಲಿಯೂ ನಡೆಯಿತು. ಮರದ ಗದೆಯ ಎರಡೂ ಬದಿಗೆ ಅಲಗುಗಳನ್ನು ಕೂರಿಸಿದ ಮಕ್ವಾವಿತ್ಲ್ ಎಂಬ ಆಯುಧ ಕುದುರೆಯ ಕತ್ತನ್ನೇ ಕಡಿಯಿತೆಂದು ಸ್ಪೇನಿನ ಸೈನಿಕ ಬೆರ್ನಾಲ್ ದೀಯಾಸ್ ದಾಖಲಿಸಿದ್ದಾನೆ. ಉಳಿದಿದ್ದ ಒಂದು ಹಳೆಯ ಮಕ್ವಾವಿತ್ಲ್ 1884ರಲ್ಲಿ ಮ್ಯಾಡ್ರಿಡ್ಡಿನ ರಾಜ ಆಯುಧಾಗಾರಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು.

ಅದೇ ಗಾಜನ್ನು ಉಜ್ಜಿ ಕನ್ನಡಿಯನ್ನೂ ಮಾಡುತ್ತಿದ್ದರು. ಅಜ್ಟೆಕ್ ದೇವತೆ ತೆಸ್ಕತ್ಲಿಪೋಕಾನ ಲಾಂಛನವೇ ಹೊಗೆಯಾಡುವ ಕನ್ನಡಿ. ಅಂಥದೊಂದು ದುಂಡು ಕನ್ನಡಿ, ಸುಮಾರು 18 ಸೆಂ.ಮೀ. ಅಗಲದ್ದು, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಇಂಗ್ಲೆಂಡಿನ ಒಂದನೆಯ ಎಲಿಜಬೆತ್ ರಾಣಿಯ ಆಸ್ಥಾನದ ಗಣಿತಜ್ಞ, ಜ್ಯೋತಿಷಿ ಜಾನ್ ಡೀ ಇದರಲ್ಲಿ ದೇವದೂತರನ್ನು ನೋಡುತ್ತಿದ್ದನೆಂದು ಪ್ರತೀತಿ. ಅದು ನಿಜಕ್ಕೂ ಮೆಕ್ಸಿಕೋದ್ದೇ ಎಂಬುದಕ್ಕೆ ಬಹುಕಾಲ ಪುರಾವೆಯಿರಲಿಲ್ಲ. 2021ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸ್ಟುವರ್ಟ್ ಕ್ಯಾಂಪ್‌ಬೆಲ್ ನೇತೃತ್ವದ ತಂಡ ಕೈಯಲ್ಲಿ ಹಿಡಿಯಬಹುದಾದ ಎಕ್ಸ್-ರೇ ಉಪಕರಣದಿಂದ, ಕನ್ನಡಿಗೆ ಗೀರು ಕೂಡ ಬೀಳದಂತೆ ಪರೀಕ್ಷಿಸಿತು. ಕಲ್ಲು ಪಚೂಕಾದ್ದು. ಮನುಷ್ಯರು ಆ ಕನ್ನಡಿಯ ಸುತ್ತ ಕಟ್ಟಿದ ಎಷ್ಟೋ ಕತೆಗಳಲ್ಲಿ ಯಾವುದು ನಿಜವೋ ಹೇಳಲಾಗದು. ಗಾಜಿನ ಮಾತು ಮಾತ್ರ ಖಚಿತ.

ನಮ್ಮ ಮಗ್ಗುಲಲ್ಲಿ

ಕರ್ನಾಟಕದಲ್ಲಿ ಇಂಥ ಗಾಜಿನ ಬೆಟ್ಟವಿಲ್ಲ. ಬೆಳಗಾವಿಯಿಂದ ಬೀದರಿನವರೆಗೆ ಉತ್ತರದ ಜಿಲ್ಲೆಗಳಲ್ಲಿ ಹರಡಿರುವ ಲಾವಾ ಬಸಾಲ್ಟಿನದು. ಅದಕ್ಕೆ ವಯಸ್ಸು 6.6 ಕೋಟಿ ವರ್ಷ. ನಮ್ಮ ಪ್ರಾಚೀನರು ಅಲಗು ಮಾಡಿದ್ದು ಚರ್ಟ್, ಕ್ಯಾಲ್ಸೆಡನಿ, ಬೆಣಚುಗಳಲ್ಲಿ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ಕೊಡಲಿ ಮಾಡಿದ್ದು ಡೋಲರೈಟಿನಲ್ಲಿ. ಹಾಗೆಂದು ಜ್ವಾಲಾಮುಖಿಯ ಗಾಜಿಗೂ ನಮಗೂ ನಂಟೇ ಇಲ್ಲ ಅನ್ನುವಂತಿಲ್ಲ.

ಸುಮಾರು 74,000 ವರ್ಷ ಹಿಂದೆ ಸುಮಾತ್ರಾದ ಟೋಬಾ ಮಹಾಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಬಂಗಾಳ ಕೊಲ್ಲಿ ದಾಟಿ ಭಾರತದ ಮೇಲೆ ಸುರಿಯಿತು. ಆ ಬೂದಿಯೆಂದರೆ ಸಿಲಿಕಾ ತುಂಬಿದ ಪಾಕ ನೊರೆಯೆದ್ದು ಸಿಡಿದಾಗ ಚೂರಾದ ಗುಳ್ಳೆಗಳ ಗೋಡೆಗಳು. ರಾಸಾಯನಿಕವಾಗಿ ಅಬ್ಸಿಡಿಯನ್ನಿನ ದಾಯಾದಿ. ಬಳ್ಳಾರಿಗೆ ಪೂರ್ವದಲ್ಲಿ, ಆಂಧ್ರದ ಬನಗಾನಪಲ್ಲೆಯ ಬಳಿಯ ಜ್ವಾಲಾಪುರಂನಲ್ಲಿ ಜುರ್ರೇರು ಹಳ್ಳದ ಕಣಿವೆಯಲ್ಲಿ ಮಳೆನೀರು ಅದನ್ನು ಕೊಚ್ಚಿ ತಂದು ಪೇರಿಸಿದ್ದರಿಂದ ಅಲ್ಲಿ ಬೂದಿಯ ಪದರ ಎರಡು ಮೀಟರಿಗೂ ಹೆಚ್ಚು ದಪ್ಪ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಗ್ಲಿಯಾ ಅವರ ತಂಡ ಅಲ್ಲಿ ಅಗೆಯಿತು. ಗಾಜಿನ ಚೂರುಗಳ ರಾಸಾಯನಿಕ ಗುರುತು ಟೋಬಾದ್ದೇ ಎಂದು ಖಚಿತವಾಯಿತು. ಬೂದಿಯ ಕೆಳಗೂ ಮೇಲೂ ಕಲ್ಲಿನ ಉಪಕರಣಗಳಿದ್ದವು. ಎರಡಕ್ಕೂ ಹೋಲಿಕೆಯೂ ಇತ್ತು. ಅಷ್ಟು ದೊಡ್ಡ ಉತ್ಪಾತದ ನಂತರವೂ ಇಲ್ಲಿನ ಜನ ಬದುಕು ಮುಂದುವರಿಸಿದರು ಎಂದು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ವಾದಿಸಿದರು. ಆ ಉಪಕರಣ ಮಾಡಿದವರು ನಮ್ಮದೇ ಜಾತಿಯ ಮನುಷ್ಯರೋ ಅದಕ್ಕೂ ಹಿಂದಿನವರೋ ಎಂಬ ವಾದ ಈಗಲೂ ನಡೆದಿದೆ. ಅದು ಇತ್ಯರ್ಥವಾಗಬೇಕಾದರೆ ಇನ್ನೂ ಅಗೆಯಬೇಕು, ಅಗೆಯಲು ಪದರ ಉಳಿದಿರಬೇಕು.

ಅಲ್ಲೇ ಸಂಕಟವಿರುವುದು. ನುಣ್ಣನೆಯ ಗಾಜಿನ ಪುಡಿ ಪಾತ್ರೆ ತಿಕ್ಕಲು ಒಳ್ಳೆಯದು. ಜ್ವಾಲಾಪುರಂನ ಬೂದಿಯನ್ನು ತೊಳೆಯುವ ಪುಡಿಗಾಗಿ ತೋಡಿ ಸಾಗಿಸುತ್ತ ಬಂದಿದ್ದಾರೆ. ತೋಡುವ ಕೂಲಿಗಳನ್ನು ದೂರಿ ಪ್ರಯೋಜನವಿಲ್ಲ, ಅವರಿಗೆ ಅದು ಅಂದಂದಿನ ಅನ್ನ. ಯೆಲ್ಲೋಸ್ಟೋನಿನ ಬಂಡೆಗೆ ಸಿಕ್ಕ ಕಾನೂನಿನ ರಕ್ಷಣೆ ಈ ಕಣಿವೆಯ ಉಳಿದ ಪದರಕ್ಕೂ ಸಿಗಬೇಕು. ಕೂಲಿಯವರಿಗೆ ಬೇರೆ ದುಡಿಮೆಯನ್ನು ಒದಗಿಸಿ ಈ ಕೆಲಸ ಆಗಬೇಕು. ಆಂಧ್ರ ಸರ್ಕಾರವೂ ಕೇಂದ್ರದ ಪುರಾತತ್ವ ಇಲಾಖೆಯೂ ತಡಮಾಡದೆ ಮುಂದೆ ಬರಬೇಕು. ಬಳ್ಳಾರಿ, ರಾಯಚೂರು ಕಡೆಯ ಕಾಲೇಜು ಮೇಷ್ಟ್ರುಗಳು ತಮ್ಮ ಭೂಗೋಳ, ಇತಿಹಾಸದ ವಿದ್ಯಾರ್ಥಿಗಳನ್ನು ಒಮ್ಮೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೂ, ಅಲ್ಲಿಂದ ಜ್ವಾಲಾಪುರಂಗೂ ಕರೆದೊಯ್ಯಲಿ. ಬೂದಿಯ ಪದರ ಇನ್ನೂ ಕಣ್ಣಿಗೆ ಕಾಣುವಾಗಲೇ ಹೋಗಿ ಬನ್ನಿ.